ಕಾನೂನಿನ ಹೊಣೆ ಎಂದರೇನು?

(ಮೈಲೂರಿನಲ್ಲಿ ಕೂಡಿದ ಗ್ರಾಮಸ್ಥರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಇವತ್ತು ನಾನು ಜಮೀನಿನ ಕಾಗದಪತ್ರಗಳ ವಿಷಯ ಮಾತನಾಡಬೇಕೆಂದಿದ್ದೆ. ಆದರೆ ಹೋದ ಸಲ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಒಬ್ಬ ತರುಣ ನನ್ನ ಬಳಿಗೆ ಬಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಮೆಲ್ಲಗೆ ಕೇಳಿದ: “ವಕೀಲ ಸಾಬ್ರೇ, ನಮ್ಮ ಅಪ್ಪ ತೀರ್ಕೊಂಡಾನ್ರಿ. ಅವನ ಸಾಲ ಹಂಗೇ ಅದರಿ. ಸಾಲ ಕೊಟ್ಟವರು ‘ನೀ ಬಂದು ನಮ್ಮ ಹೊಲದಾಗ ದುಡದು ತೀರಸು’ ಅಂತಾರ. ನಾ ಹೋಗಲೇಬೇಕೇನ್ರಿ?”

ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಸರಿಯಾಗಿ ಉತ್ತರ ಹೇಳಬೇಕಾದರೆ ಕಾನೂನು ಎಂದರೇನು, ಹೊಣೆ ಎಂದರೇನು, ಯಾವ ಹೊಣೆ ನಮ್ಮನ್ನು ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ ಎಂಬುದನ್ನೆಲ್ಲ ಹೇಳಬೇಕಾಗುತ್ತದೆ. ಆದುದರಿಂದ ಇವತ್ತಿನ ನನ್ನ ಮಾತೆಲ್ಲ ಆ ಹುಡುಗನಿಗೆ ಕೊಡುವ ಉತ್ತರವೆಂದೇ ತಿಳಿಯಿರಿ. ಅವನ ಜಾಗದಲ್ಲಿ ನಾಳೆ ನಮ್ಮಲ್ಲಿ ಯಾರಾದರೂ ನಿಲ್ಲಬಹುದು.

ಕಾನೂನು, ನೀತಿ, ವಾಡಿಕೆ

ನಾವು ದಿನಾಲು ನಡೆದುಕೊಳ್ಳುವ ರೀತಿಯಲ್ಲಿ ಮೂರು ಬಗೆಯ ಕಟ್ಟುಗಳುಂಟು. ನೆರೆಮನೆಯವರ ಮದುವೆಗೆ ಹೋಗದಿದ್ದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ. ನಮ್ಮ ಮನೆಯ ಕಾರ್ಯಕ್ಕೆ ಅವರೂ ಬರಲಿಕ್ಕಿಲ್ಲ. ಇದು ವಾಡಿಕೆ. ಹಸಿದು ಬಂದವನಿಗೆ ಅನ್ನ ಹಾಕಬೇಕು. ನಮ್ಮ ಜಿಲ್ಲೆಯ ಬಸವಕಲ್ಯಾಣ ಶರಣರು ನಡೆದಾಡಿದ ನೆಲ. ಕಾಯಕ, ದಾಸೋಹ ಎಂಬ ಮಾತುಗಳನ್ನು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಆದರೆ ದಾಸೋಹ ಮಾಡಲಿಲ್ಲವೆಂದು ಯಾರೂ ಯಾರ ಮೇಲೂ ದಾವೆ ಹಾಕುವಂತಿಲ್ಲ. ಅದು ನೀತಿ. ಅದನ್ನು ಕೇಳುವುದು ನಮ್ಮ ಒಳಗಿನ ಮನಸ್ಸು.

ಮೂರನೆಯದು ಕಾನೂನು. ನೀವು ಅಡತಿಯವರಿಗೆ ಹತ್ತು ಕ್ವಿಂಟಲ್ ತೊಗರಿ ಮಾರಿದಿರಿ, ಅವರು ಹಣ ಕೊಡಲಿಲ್ಲ. ಆಗ ನೀವು ಬರೀ ಬೇಸರಪಟ್ಟು ಕೂರಬೇಕಾಗಿಲ್ಲ. ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ತೀರ್ಪಾದರೆ ಸರಕಾರದ ಬಲ ನಿಮ್ಮ ಬೆನ್ನಿಗೆ ನಿಂತು ಆ ಹಣ ವಸೂಲಾಗುವಂತೆ ನೋಡುತ್ತದೆ. ತಪ್ಪಿದರೆ ರಾಜ್ಯದ ಶಕ್ತಿ ಬಂದು ನಡೆಸಿಕೊಡುವ ನಿಯಮವೇ ಕಾನೂನು. ಆ ನಿಯಮದಿಂದ ಒಬ್ಬರ ಮೇಲೆ ಬೀಳುವ ಕರ್ತವ್ಯವೇ ಕಾನೂನಿನ ಹೊಣೆ.

‘ಕಾನೂನು’ ಎಂಬ ಮಾತು ನಮಗೆ ಅರಬ್ಬಿಯಿಂದ ಬಂದದ್ದು. ಅದರ ಮೂಲ ಗ್ರೀಕರ ಮಾತು. ನೆಟ್ಟಗಿನ ಅಳತೆಕೋಲು ಎಂದು ಅದರ ಅರ್ಥ. ಈ ಅರ್ಥವನ್ನು ನೆನಪಿನಲ್ಲಿಡಿ. ಸಾಹುಕಾರನಿಗೆ ಒಂದು ಕೋಲು, ಕೂಲಿಯವನಿಗೆ ಇನ್ನೊಂದು ಕೋಲು ಇದ್ದರೆ ಅದು ಕಾನೂನಲ್ಲ. ನಮ್ಮ ಸಂವಿಧಾನದ 14ನೆಯ ಅನುಚ್ಛೇದ ಹೇಳುವುದೂ ಇದನ್ನೇ: ಕಾನೂನಿನ ಮುಂದೆ ಎಲ್ಲರೂ ಸಮಾನರು.

ಹಗ್ಗಕ್ಕೆ ಎರಡು ತುದಿ

ಹೊಣೆ ಎಂಬುದು ಒಂದು ಹಗ್ಗದಂತೆ. ಹಗ್ಗಕ್ಕೆ ಎರಡು ತುದಿ. ಒಂದು ತುದಿಯಲ್ಲಿ ಕೊಡಬೇಕಾದವನು, ಇನ್ನೊಂದರಲ್ಲಿ ಪಡೆಯಬೇಕಾದವನು. ಒಬ್ಬನ ಹಕ್ಕು ಇನ್ನೊಬ್ಬನ ಹೊಣೆ. ಕೂಲಿ ಪಡೆಯುವುದು ಕೆಲಸದವನ ಹಕ್ಕಾದರೆ, ಕೂಲಿ ಕೊಡುವುದು ಮಾಲೀಕನ ಹೊಣೆ. ಸಾಲ ಹಿಂದಕ್ಕೆ ಪಡೆಯುವುದು ಕೊಟ್ಟವನ ಹಕ್ಕಾದರೆ, ತೀರಿಸುವುದು ತಂದವನ ಹೊಣೆ. ಯಾರಾದರೂ ನಿಮಗೆ “ಇದು ನಿನ್ನ ಹೊಣೆ” ಎಂದರೆ, “ಇದರಲ್ಲಿ ನಿಮ್ಮ ಹಕ್ಕು ಯಾವುದು? ಅದು ಎಲ್ಲಿಂದ ಬಂತು?” ಎಂದು ಕೇಳಿರಿ. ಉತ್ತರ ಇಲ್ಲದಿದ್ದರೆ ಹೊಣೆಯೂ ಇಲ್ಲ.

ಈ ಹಗ್ಗ ನಾಲ್ಕು ಕಡೆಯಿಂದ ಬಂದು ನಮ್ಮನ್ನು ಕಟ್ಟುತ್ತದೆ.

ಒಂದು, ನಾವೇ ಕೊಟ್ಟ ಮಾತಿನಿಂದ. ಇದನ್ನು ಕರಾರು ಎನ್ನುತ್ತೇವೆ. ಎರಡು, ನಾವು ಮಾಡಿದ ಹಾನಿಯಿಂದ. ನಮ್ಮ ಎಮ್ಮೆ ಬಿಟ್ಟುಕೊಂಡು ಹೋಗಿ ಪಕ್ಕದವರ ಜೋಳ ಮೇಯ್ದರೆ, ನಾವು ಮಾತು ಕೊಡದಿದ್ದರೂ ನಷ್ಟ ತುಂಬಿಕೊಡುವ ಹೊಣೆ ಬರುತ್ತದೆ. ಮೂರು, ನಮ್ಮದಲ್ಲದ್ದು ನಮ್ಮ ಕೈಸೇರಿದಾಗ. ಯಾರೋ ತಪ್ಪಿ ನಿಮ್ಮ ಬ್ಯಾಂಕಿನ ಖಾತೆಗೆ ಹಣ ಹಾಕಿದರು ಎನ್ನಿ, ಅದನ್ನು ಹಿಂದಿರುಗಿಸಲೇಬೇಕು. ನಾಲ್ಕು, ಸಂಬಂಧ ಮತ್ತು ಶಾಸನದಿಂದ. ಹೆಂಡತಿ ಮಕ್ಕಳನ್ನೂ, ಮುಪ್ಪಿನ ತಂದೆತಾಯಿಯರನ್ನೂ ಸಾಕುವುದು, ಸರಕಾರ ಗೊತ್ತುಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡದಿರುವುದು, ಕಂದಾಯ ಕಟ್ಟುವುದು, ಇವೆಲ್ಲ ನಮ್ಮನ್ನು ಕೇಳಿ ಬಂದ ಹೊಣೆಗಳಲ್ಲ. ಆದರೂ ಕಟ್ಟುತ್ತವೆ.

ಯಾವ ಮಾತು ಕಟ್ಟುತ್ತದೆ?

ಆಡಿದ ಮಾತೆಲ್ಲ ಕರಾರಾಗುವುದಿಲ್ಲ. ಭಾರತದ ಕರಾರು ಕಾನೂನು 1872ರದ್ದು. ಆಗ ನಮ್ಮ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ, 1951ರಲ್ಲಿ, ಈ ಕಾನೂನು ನಮ್ಮ ಸೀಮೆಗೂ ಅನ್ವಯಿಸಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂದ ಮೇಲೂ ಅದೇ ಕಾನೂನು ನಡೆಯಿತು, ಇಂದಿಗೂ ನಡೆದಿದೆ. ಅದರ ತಿರುಳು ಇಷ್ಟೇ.

ಕರಾರು ಮಾಡುವವನಿಗೆ 18 ವರ್ಷ ತುಂಬಿರಬೇಕು. ಅವನ ಬುದ್ಧಿ ಸ್ಥಿಮಿತದಲ್ಲಿರಬೇಕು. ಅವನು ತನ್ನ ಖುಷಿಯಿಂದ ಒಪ್ಪಿರಬೇಕು. ಹೆದರಿಸಿ, ಮೋಸ ಮಾಡಿ, ತನ್ನ ಕೈಕೆಳಗಿನವನೆಂದು ಒತ್ತಾಯ ಮಾಡಿ ಪಡೆದ ಒಪ್ಪಿಗೆ ನಿಲ್ಲುವುದಿಲ್ಲ. ಎರಡೂ ಕಡೆಯಿಂದ ಕೊಟ್ಟುಕೊಳ್ಳುವುದು ಏನಾದರೂ ಇರಬೇಕು. “ನಿನಗೆ ಒಂದು ಜೋಡಿ ಎತ್ತು ಕೊಡುತ್ತೇನೆ” ಎಂದು ಸುಮ್ಮನೆ ಹೇಳಿದರೆ ಅದು ದೊಡ್ಡ ಮನಸ್ಸಿನ ಮಾತು, ಕರಾರಲ್ಲ. “ಇಷ್ಟು ರೂಪಾಯಿಗೆ ಕೊಡುತ್ತೇನೆ” ಎಂದು ಹೇಳಿ, ಆ ಕಡೆಯವರು ಒಪ್ಪಿಕೊಂಡರೆ ಕರಾರು. ಕಡೆಯದಾಗಿ, ಕರಾರಿನ ಉದ್ದೇಶ ನ್ಯಾಯವಾದದ್ದಾಗಿರಬೇಕು. ಕಳ್ಳ ಮಾಲಿನ ವ್ಯಾಪಾರಕ್ಕೆ, ಜೂಜಿನ ಬಾಜಿಗೆ ನ್ಯಾಯಾಲಯ ಬಾಗಿಲು ತೆರೆಯುವುದಿಲ್ಲ.

ಕರಾರು ಕಾಗದದ ಮೇಲೆಯೇ ಇರಬೇಕೆಂಬ ನಿಯಮ ಎಲ್ಲದಕ್ಕೂ ಇಲ್ಲ. ಬಾಯಿಮಾತಿನ ಸಾಲವೂ ಸಾಲವೇ. ಸಾಬೀತು ಮಾಡುವುದು ಮಾತ್ರ ಕಷ್ಟ. ಆದರೆ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಹೊಲ, ಮನೆ ಮಾರಾಟವಾಗಬೇಕಾದರೆ ನೋಂದಣಿಯಾದ ಪತ್ರ ಬೇಕೇ ಬೇಕು. ಬಾಯಿಮಾತಿನಿಂದ ಎಕರೆಗಟ್ಟಲೆ ಹೊಲ ಕೊಂಡೆವೆಂದು ನಂಬಿ ಕೂತವರು ಮುಂದೆ ಬಹಳ ಕಷ್ಟಪಡಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಖಾಲಿ ಕಾಗದಕ್ಕೆ ದಸ್ಕತ್ತು ಮಾಡಬೇಡಿ, ಹೆಬ್ಬೆಟ್ಟು ಒತ್ತಬೇಡಿ. ಓದಲು ಬಾರದಿದ್ದರೆ ನಿಮ್ಮ ಕಡೆಯವರಿಂದ ಓದಿಸಿ ಕೇಳಿರಿ. ಓದಿಸುವ ಕೆಲಸವನ್ನು ಸಾಲ ಕೊಡುವವರಿಗೆ ಬಿಡಬೇಡಿ. ಹಾಗೆಯೇ ಸ್ನೇಹಕ್ಕೆ ಕಟ್ಟುಬಿದ್ದು ಜಾಮೀನು ನಿಲ್ಲುವವರೂ ತಿಳಿದಿರಲಿ: ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಕಾಗದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲ ಕೊಟ್ಟವರು ಸಾಲಗಾರನನ್ನು ಬಿಟ್ಟು ನೇರವಾಗಿ ನಿಮ್ಮನ್ನೇ ಕೇಳಬಹುದು.

ಮೈಯನ್ನು ಕಟ್ಟುವ ಹಗ್ಗ

ಈಗ ಆ ಹುಡುಗನ ಪ್ರಶ್ನೆಯ ಹತ್ತಿರಕ್ಕೆ ಬರುತ್ತೇನೆ. ಸಾಲ ಎಂಬ ಹಗ್ಗ ಯಾವುದನ್ನು ಕಟ್ಟುತ್ತದೆ? ಸಾಲಗಾರನ ಮೈಯನ್ನೋ, ಅವನ ಆಸ್ತಿಯನ್ನೋ?

ಹಿಂದಿನ ಕಾಲದಲ್ಲಿ ಮೈಯನ್ನೇ ಕಟ್ಟುತ್ತಿತ್ತು. ಹಳೆಯ ರೋಮ್ ಪಟ್ಟಣದಲ್ಲಿ ಸಾಲ ತೀರಿಸಲಾರದವನು ಸಾಲ ಕೊಟ್ಟವನ ಕೈಯಲ್ಲಿ ಬಂದಿಯಾಗುತ್ತಿದ್ದ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಲ್ಲಿನವರು ಶಾಸನ ಮಾಡಿ ಅದನ್ನು ಕಿತ್ತುಹಾಕಿದರು. ದೂರದ ಮಾತೇಕೆ, ನಮ್ಮಲ್ಲಿಯೇ ನೋಡಿ. ಹೈದರಾಬಾದ್ ಸಂಸ್ಥಾನದಲ್ಲಿ, ವಿಶೇಷವಾಗಿ ತೆಲಂಗಾಣದ ಕಡೆ, ‘ಭಗೇಲಾ’ ಎಂಬ ಪದ್ಧತಿಯಿತ್ತು. ಮದುವೆಗೋ ಹೊಟ್ಟೆಗೋ ಸಾಲ ತಂದವನು, ಕೊಟ್ಟವನ ಹೊಲದಲ್ಲಿ ದುಡಿಯಬೇಕು. ದುಡಿದಷ್ಟೂ ಬಡ್ಡಿಗೇ ಹೋಗುತ್ತಿತ್ತು, ಅಸಲು ಕರಗುತ್ತಿರಲಿಲ್ಲ. ಅಪ್ಪ ಸತ್ತರೆ ಮಗ ಬರಬೇಕು. ಕನ್ನಡ ನಾಡಿನಲ್ಲಿ ಇದನ್ನು ಜೀತ ಎಂದರು. 1936ರಲ್ಲಿ ನಿಜಾಮ್ ಸರಕಾರ ಭಗೇಲಾ ಕರಾರುಗಳಿಗೆ ಮಿತಿ ಹಾಕಲು ಒಂದು ಕಟ್ಟಳೆ ಹೊರಡಿಸಿತು. ಆದರೆ ಪದ್ಧತಿ ಹೋಗಲಿಲ್ಲ.

ಬ್ರಿಟಿಷರ ಆಡಳಿತವಿದ್ದ ಪ್ರಾಂತಗಳಲ್ಲಿ ಇನ್ನೊಂದು ಬಗೆ. ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಾರದ ಕೂಲಿಕಾರನನ್ನು ಜೇಲಿಗೆ ಹಾಕಬಹುದೆಂದು 1859ರಲ್ಲಿ ಕಾನೂನೇ ಮಾಡಿದ್ದರು. ಅದು 1925ರಲ್ಲಿ ರದ್ದಾಯಿತು. ಹೀಗೆ, ಕಾನೂನು ಎಂದ ಮಾತ್ರಕ್ಕೆ ಅದು ಯಾವಾಗಲೂ ಬಡವನ ಕಡೆ ಇತ್ತೆಂದು ತಿಳಿಯಬೇಡಿ. ಅದನ್ನು ತಿದ್ದಿ ತಿದ್ದಿ ನೆಟ್ಟಗೆ ಮಾಡಬೇಕಾಯಿತು.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 23ನೆಯ ಅನುಚ್ಛೇದದಲ್ಲಿ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆಮೇಲೆ ಜೀತಪದ್ಧತಿ ರದ್ದತಿಯ ಕಾನೂನು ಬಂತು. ಅದಕ್ಕೆ 1976ರ ಕಾಯಿದೆ ಎನ್ನುತ್ತಾರೆ. ಜಾರಿಯಾದದ್ದು 1975ರ ಅಕ್ಟೋಬರ್ 25ರಿಂದಲೇ. ಆ ಕಾಯಿದೆಯಲ್ಲಿ ದೇಶದ ನಾನಾ ಕಡೆಯ ಜೀತಪದ್ಧತಿಗಳ ಹೆಸರುಗಳನ್ನು ಒಂದೊಂದಾಗಿ ಬರೆದಿದ್ದಾರೆ. ಆ ಪಟ್ಟಿಯಲ್ಲಿ ‘ಭಗೇಲಾ’ ಉಂಟು, ‘ಜೀತ’ವೂ ಉಂಟು.

ಈ ಕಾಯಿದೆ ಏನು ಹೇಳುತ್ತದೆ? ಜೀತದಾಳು ಅಂದಿನಿಂದಲೇ ಬಿಡುಗಡೆಯಾದ. ಜೀತದ ಸಾಲ ಅಳಿದುಹೋಯಿತು. ಒಂದು ಪೈಸೆಯನ್ನೂ ತೀರಿಸಬೇಕಾಗಿಲ್ಲ. ಅಳಿದ ಸಾಲಕ್ಕೆಂದು ಯಾರೂ ಹಣ ಪಡೆಯುವಂತೆಯೂ ಇಲ್ಲ. ಜೀತಕ್ಕೆ ಒಪ್ಪಿ ಬರೆದುಕೊಟ್ಟ ಕಾಗದ, ಆಡಿದ ಮಾತು, ಹಳೆಯ ವಾಡಿಕೆ, ಯಾವುದೂ ನಡೆಯುವುದಿಲ್ಲ. ಈಗ ಯಾರಾದರೂ ಒಬ್ಬರನ್ನು ಜೀತಕ್ಕೆ ಒತ್ತಾಯಪಡಿಸಿದರೆ ಮೂರು ವರ್ಷದವರೆಗೆ ಜೇಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಇನ್ನೂ ಒಂದು ಮುಖ್ಯ ಮಾತು: ಇದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಭಾರ ಸಾಲ ಕೊಟ್ಟವನ ಮೇಲೆ.

ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಬಲವಂತವೆಂದರೆ ಬಡಿಗೆ ಹಿಡಿದು ನಿಲ್ಲುವುದೇ ಆಗಬೇಕಿಲ್ಲ. ಹಸಿವು, ಬಡತನಗಳಿಂದ ಬೇರೆ ದಾರಿಯಿಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದೂ ಬಲವಂತದ ದುಡಿಮೆಯೇ ಎಂದು ತೀರ್ಪು ಕೊಟ್ಟಿತು. ನಮ್ಮ ಬೀದರ, ಭಾಲ್ಕಿ, ಔರಾದ ಕಡೆಯಿಂದ ಮುಂಗಡ ಪಡೆದು ಕಬ್ಬು ಕಡಿಯಲಿಕ್ಕೆ, ಇಟ್ಟಿಗೆ ಭಟ್ಟಿಗೆ, ಪಟ್ಟಣದ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ಇದನ್ನು ಚೆನ್ನಾಗಿ ತಿಳಿದಿರಬೇಕು. ಮುಂಗಡ ಪಡೆಯುವುದು ತಪ್ಪಲ್ಲ. ಮುಂಗಡ ಪಡೆದು ಕೆಲಸಕ್ಕೆ ಹೋಗದಿದ್ದರೆ ಆ ಹಣ ಹಿಂದಿರುಗಿಸುವ ಹೊಣೆ ಉಂಟು. ಕೊಟ್ಟವನು ನ್ಯಾಯಾಲಯದಲ್ಲಿ ಕೇಳಬಹುದು. ಆದರೆ ನಿಮ್ಮನ್ನು ಹಿಡಿದುಕೊಂಡು ಹೋಗಿ ದುಡಿಸುವಂತಿಲ್ಲ. “ಹಣ ತೀರುವವರೆಗೆ ಇಲ್ಲಿಂದ ಕದಲಬಾರದು” ಎಂದು ಕೂಡಿಹಾಕುವಂತಿಲ್ಲ. ಹೆಂಡತಿಯನ್ನೋ ಮಗುವನ್ನೋ ಒತ್ತೆ ಇಟ್ಟುಕೊಳ್ಳುವಂತಿಲ್ಲ.

ಅಪ್ಪನ ಸಾಲ

ಇನ್ನು ತಂದೆಯ ಸಾಲದ ವಿಷಯ. ತಂದೆಯ ಸಾಲ ತೀರಿಸದಿದ್ದರೆ ಅವನಿಗೆ ಸದ್ಗತಿ ಇಲ್ಲವೆಂದು ಹಿಂದೆ ನಂಬಿಕೆಯಿತ್ತು. ಆ ನಂಬಿಕೆಯಿಂದ ಹಳೆಯ ಹಿಂದೂ ನ್ಯಾಯಶಾಸ್ತ್ರದಲ್ಲಿ ಮಗನ ಮೇಲೆ ಒಂದು ಧಾರ್ಮಿಕ ಹೊಣೆ ಹೊರಿಸಿದ್ದರು. ನ್ಯಾಯಾಲಯಗಳೂ ಬಹಳ ಕಾಲ ಅದನ್ನು ಮನ್ನಿಸಿದವು. ಆದರೆ ಅವು ಕೂಡ ಕುಟುಂಬದ ಆಸ್ತಿಯ ಆಚೆಗೆ ಮಗನ ಸ್ವಂತ ದುಡಿಮೆಗೆ ಕೈ ಹಾಕಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರದ ಕಾಯಿದೆಗೆ ತಿದ್ದುಪಡಿಯಾಯಿತು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಪಾಲು ಬಂದ ತಿದ್ದುಪಡಿ ಇದೇ. (ಕರ್ನಾಟಕದಲ್ಲಿ ಇಂಥ ಹಕ್ಕು 1994ರಲ್ಲಿಯೇ ಬಂದಿತ್ತು, ಮದುವೆಯಾಗದವರಿಗೆ ಮಾತ್ರ ಎಂಬ ಮಿತಿಯಿತ್ತು.) ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಸೇರಿತು: ಅಲ್ಲಿಂದ ಮುಂದೆ ಮಾಡಿದ ಸಾಲಕ್ಕೆ, ಧಾರ್ಮಿಕ ಹೊಣೆ ಎಂಬ ಒಂದೇ ಕಾರಣದಿಂದ ಮಗ, ಮೊಮ್ಮಗ, ಮರಿಮಗನ ಮೇಲೆ ನ್ಯಾಯಾಲಯ ಕ್ರಮ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಅಪ್ಪನೊಂದಿಗೆ ಸಾಲವೂ ಸತ್ತಿತೇ? ಇಲ್ಲ. ಅಪ್ಪ ಆಸ್ತಿ ಬಿಟ್ಟುಹೋಗಿದ್ದರೆ, ಸಾಲ ಆ ಆಸ್ತಿಯನ್ನು ಹಿಂಬಾಲಿಸುತ್ತದೆ. ಅಪ್ಪನ ಪಾಲಿನ ಎರಡು ಎಕರೆ ನಿಮ್ಮ ಕೈಗೆ ಬಂದರೆ, ಆ ಎರಡು ಎಕರೆಯ ಬೆಲೆಯ ಮಟ್ಟಿಗೆ ಸಾಲ ಕೊಟ್ಟವರು ಕೇಳಬಹುದು. ಏನೂ ಬಿಟ್ಟುಹೋಗದಿದ್ದರೆ, ನೀವೇ ಜಾಮೀನು ನಿಂತಿರದಿದ್ದರೆ, ನಿಮ್ಮ ಸ್ವಂತ ದುಡಿಮೆಯಿಂದ ಕೇಳುವ ಹಕ್ಕು ಅವರಿಗಿಲ್ಲ. ನೀವಾಗಿಯೇ ಅಪ್ಪನ ಹೆಸರು ಉಳಿಸಬೇಕೆಂದು ಹಣ ಕೊಟ್ಟರೆ ಅದು ನಿಮ್ಮ ದೊಡ್ಡತನ. ಅದು ನೀತಿಯ ಹೊಣೆ, ಕಾನೂನಿನದಲ್ಲ.

ಕಾನೂನಿನ ಹಗ್ಗಕ್ಕೆ ಅಳತೆ ಉಂಟು

ಸರಿಯಾದ ಸಾಲವೇ ಇದ್ದರೂ ವಸೂಲಿಗೆ ಮಿತಿಗಳುಂಟು. ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಅಡವಿನ ಸಾಲಕ್ಕೆ ಲೆಕ್ಕ ಬೇರೆ. ಅವಧಿಯೊಳಗೆ ಸಾಲ ಒಪ್ಪಿ ಬರೆದುಕೊಟ್ಟರೆ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಆದುದರಿಂದ ಹಳೆಯ ಸಾಲದ ಕಾಗದಕ್ಕೆ “ಸುಮ್ಮನೆ ಒಂದು ಸಹಿ” ಎಂದು ಯಾರಾದರೂ ಕೇಳಿದರೆ ಎರಡು ಸಲ ಯೋಚನೆ ಮಾಡಿರಿ.

ತೀರ್ಪಾದ ಮೇಲೂ ಎಲ್ಲವನ್ನೂ ಜಪ್ತಿ ಮಾಡುವಂತಿಲ್ಲ. ಉಟ್ಟ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರುಗಳು, ಒಕ್ಕಲಿಗನು ಬದುಕುವುದಕ್ಕೆ ಬೇಕಾದ ಬೇಸಾಯದ ಉಪಕರಣ, ದನ, ಬೀಜದ ಕಾಳು, ಅವನು ವಾಸಿಸುವ ಮನೆ, ಇವನ್ನು ಸಾಮಾನ್ಯವಾಗಿ ಮುಟ್ಟಬಾರದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ನೇಗಿಲನ್ನೇ ಕಿತ್ತುಕೊಂಡರೆ ಸಾಲ ತೀರಿಸುವುದು ಯಾವುದರಿಂದ? ಬಿದರಿ ಕೆಲಸದವನ ಉಳಿಯನ್ನೇ ಒಯ್ದರೆ ಅವನು ಗಳಿಸುವುದು ಹೇಗೆ? ಹಣದ ತೀರ್ಪಿಗಾಗಿ ಹೆಂಗಸರನ್ನು ಬಂಧಿಸುವಂತೆಯೂ ಇಲ್ಲ. ನಿಜವಾಗಿ ಕೈಯಲ್ಲಿ ಇಲ್ಲದವನನ್ನು, ಇಲ್ಲವೆಂಬ ಒಂದೇ ಕಾರಣಕ್ಕೆ ಜೇಲಿಗೆ ಕಳಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಹೇಳಿದೆ. ಹಣವಿದ್ದೂ ಬಚ್ಚಿಟ್ಟವನ ಮಾತು ಬೇರೆ. ಮೋಸ ಮಾಡಿ ಸಾಲ ತಂದರೆ, ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿ ಬಂದರೆ ಅದು ಅಪರಾಧವಾಗಬಹುದು. ಬರೀ ಸಾಲಗಾರನಾಗಿರುವುದು ಅಪರಾಧವಲ್ಲ.

ಮನೆಯ ಮುಂದೆ ಬಂದು ಕೂರುವುದು, ಬೈಯುವುದು, ಹೆದರಿಸುವುದು ವಸೂಲಿಯ ದಾರಿಯಲ್ಲ. ಹೀಗೆ ಬಲವಂತದಿಂದ ಸಣ್ಣ ಸಾಲಗಳನ್ನು ವಸೂಲು ಮಾಡುವುದನ್ನು ತಡೆಯಲೆಂದೇ ಕರ್ನಾಟಕ ಸರಕಾರ 2025ರಲ್ಲಿ ಹೊಸ ಕಾನೂನು ತಂದಿತು.

ಇದನ್ನೆಲ್ಲ ಕೇಳಿ, “ಹಾಗಾದರೆ ಸಾಲ ತೀರಿಸುವುದೇ ಬೇಡ” ಎಂದು ಯಾರೂ ಮನೆಗೆ ಹೋಗಬೇಡಿ. ಹಗ್ಗಕ್ಕೆ ಎರಡು ತುದಿ ಎಂದು ಮೊದಲೇ ಹೇಳಿದೆ. ಸಹಕಾರ ಸಂಘದಿಂದ ನೀವು ತಂದ ಹಣ ಇನ್ನೊಬ್ಬ ರೈತನ ಠೇವಣಿ. ಸ್ವಸಹಾಯ ಗುಂಪಿನಿಂದ ಒಬ್ಬಾಕೆ ತಂದು ತೀರಿಸದಿದ್ದರೆ ಹತ್ತು ಜನ ಅಕ್ಕತಂಗಿಯರಿಗೆ ಮುಂದಿನ ಸಾಲ ಸಿಗುವುದು ಕಷ್ಟ. ನ್ಯಾಯವಾದ ಸಾಲ ತೀರಿಸುವ ಊರಿಗೆ ಸಾಲ ಸಿಗುತ್ತದೆ. ಅನ್ಯಾಯದ ಸಾಲಕ್ಕೆ ತಲೆ ಬಾಗಿಸದ ಊರಿನಲ್ಲಿ ಜೀತ ನಿಲ್ಲುವುದಿಲ್ಲ. ಎರಡೂ ಬೇಕು.

ಹೋಗುವುದು ಎಲ್ಲಿಗೆ?

ಹಕ್ಕು ಉಂಟೆಂದು ತಿಳಿದರೆ ಸಾಲದು. ಎಲ್ಲಿ ಕೇಳಬೇಕೆಂಬುದೂ ತಿಳಿದಿರಬೇಕು. ಜೀತದ ವಿಷಯವಾದರೆ ತಹಸೀಲ್ದಾರರಿಗೆ, ಉಪವಿಭಾಗಾಧಿಕಾರಿಗೆ, ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು, ಬಿಟ್ಟಿ ದುಡಿಮೆಗೆ ಸಿಕ್ಕವರು, ಇವರಿಗೆಲ್ಲ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಎಲ್ಲಿದೆಯೆಂದು ನಿಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಕೇಳಿರಿ, ತೋರಿಸುತ್ತಾರೆ. ಲೋಕ ಅದಾಲತ್ತಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳುವ ದಾರಿಯೂ ಉಂಟು. ಆದರೆ ಜೀತವನ್ನು ಮಾತ್ರ ರಾಜಿ ಮಾಡಿಕೊಳ್ಳುವಂತಿಲ್ಲ. ಅದು ಮಾರುವ, ಕೊಳ್ಳುವ ವಸ್ತುವಲ್ಲ.

ಆ ಹುಡುಗ ಇಲ್ಲಿ ಎಲ್ಲೋ ಹಿಂದೆ ಕೂತಿರಬಹುದು. ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಇದು: ನೀನು ಹೋಗಬೇಕಾಗಿಲ್ಲ. ನಿನ್ನ ಅಪ್ಪ ಏನಾದರೂ ಆಸ್ತಿ ಬಿಟ್ಟಿದ್ದರೆ, ಸಾಲದ ಕಾಗದ ತೋರಿಸೆಂದು ಕೇಳು, ಲೆಕ್ಕ ಕೇಳು, ಬಡ್ಡಿ ಎಷ್ಟು ಹಾಕಿದ್ದಾರೆಂದು ನೋಡು. ನ್ಯಾಯವಾದದ್ದು ಆ ಆಸ್ತಿಯ ಮಟ್ಟಿಗೆ ಕೊಡಬೇಕಾಗಬಹುದು. ಕೊಟ್ಟದ್ದಕ್ಕೆ ರಸೀದಿ ತೆಗೆದುಕೋ. ಆದರೆ ನಿನ್ನ ಎರಡು ಕೈಗಳನ್ನು ಯಾರೂ ಅಡವು ಹಿಡಿಯುವಂತಿಲ್ಲ. ನಿನ್ನ ಅಪ್ಪನೂ ಅವನ್ನು ಅಡವು ಇಡುವಂತಿರಲಿಲ್ಲ. ಕೂಲಿಗೆ ಹೋಗಬೇಕೆನಿಸಿದರೆ, ನಿನಗೆ ಬೇಕಾದವರ ಹೊಲಕ್ಕೆ, ಸರಿಯಾದ ಕೂಲಿಗೆ ಹೋಗು.

ಉಳಿದವರಿಗೂ ಒಂದು ಬೇಡಿಕೆ. ಇವತ್ತು ಕೇಳಿದ್ದನ್ನು ಮನೆಗೆ ಹೋಗಿ ಇಬ್ಬರಿಗಾದರೂ ಹೇಳಿರಿ. ಈ ಸಭೆಗೆ ಬರಲಾಗದೆ ದೂರದ ಭಟ್ಟಿಯಲ್ಲಿ, ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿರುವವರು ನಮ್ಮವರೇ ಇದ್ದಾರೆ. ಈ ಮಾತು ನಮಗಿಂತ ಹೆಚ್ಚು ಬೇಕಾಗಿರುವುದು ಅವರಿಗೆ.